ಜೀಪು ಎತ್ತರ ಮಾಡುವ ಮೊದಲು ಅಡಿಗೆ ಮಲಗಿ ನೋಡಿ: ಪ್ರೊಪೆಲ್ಲರ್ ಶಾಫ್ಟ್ ಕೋನ ಹೊಂದಿಸುವ ಸಮಗ್ರ ಮಾರ್ಗದರ್ಶಿ

ಮೂಡಿಗೆರೆ ಕಡೆಯ ನಮ್ಮ ತೋಟದ ಏರಿನಲ್ಲಿ ಒಂದು ಸಂಜೆ ಜೀಪಿನ ಅಡಿಯಿಂದ ‘ಠಣ್’ ಅಂತ ಸದ್ದು ಬಂತು. ಅದರ ಹಿಂದೆಯೇ ಯಾರೋ ತಗಡಿಗೆ ಸುತ್ತಿಗೆಯಲ್ಲಿ ಬಡಿದ ಹಾಗೆ ಡಬ ಡಬ. ಎಂಜಿನ್ ಕೂಗುತ್ತಿದೆ, ಗಾಡಿ ಮುಂದೆ ಹೋಗುತ್ತಿಲ್ಲ. ಹ್ಯಾಂಡ್‌ಬ್ರೇಕ್ ಎಳೆದೆ. ಜೀಪು ಹಿಂದಕ್ಕೆ ಜಾರತೊಡಗಿತು.

ಹಳೆಯ ಜೀಪುಗಳಲ್ಲಿ ಹ್ಯಾಂಡ್‌ಬ್ರೇಕಿನ ಡ್ರಮ್ಮು ಚಕ್ರದಲ್ಲಿ ಇರುವುದಿಲ್ಲ. ಎಂಜಿನ್ನಿನ ಬಲವನ್ನು ಮುಂದಿನ, ಹಿಂದಿನ ಚಕ್ರಗಳಿಗೆ ಹಂಚುವ ಟ್ರಾನ್ಸ್‌ಫರ್ ಕೇಸಿನ ಹಿಂದೆ, ಅಲ್ಲಿಂದ ಹಿಂದಿನ ಆಕ್ಸಲಿಗೆ ಬಲ ಒಯ್ಯುವ ಪ್ರೊಪೆಲ್ಲರ್ ಶಾಫ್ಟ್ ಶುರುವಾಗುವ ಜಾಗದಲ್ಲಿ ಇರುತ್ತದೆ. ಶಾಫ್ಟ್ ತುಂಡಾದರೆ ಹ್ಯಾಂಡ್‌ಬ್ರೇಕೂ ಹೋಯಿತು, ಗೇರಿನ ಹಿಡಿತವೂ ಹೋಯಿತು. ಕಾಲಿನ ಬ್ರೇಕ್ ಒತ್ತಿಕೊಂಡೇ ಕೂತೆ. ಜೊತೆಗಿದ್ದ ಹುಡುಗ ಓಡಿ ಹೋಗಿ ಚಕ್ರಕ್ಕೆ ಕಲ್ಲು ಕೊಟ್ಟ. ಶಾಫ್ಟ್ ಬಿಚ್ಚಿ ಹಿಂದೆ ಹಾಕಿ, ಫೋರ್ ವೀಲ್ ಎಂಗೇಜ್ ಮಾಡಿದೆವು. ಮುಂದಿನ ಚಕ್ರ ಏರಿನಲ್ಲಿ ಸುಮ್ನೆ ತಿರುಗಿತು. ಕೊನೆಗೆ ಜೀಪು ತಿರುಗಿಸಿ, ರಿವರ್ಸ್‌ನಲ್ಲಿ ಏರು ಹತ್ತಿಸಿ ಮನೆ ಮುಟ್ಟಿದೆವು.

ಆಗಿದ್ದಿಷ್ಟೇ. ಮೂರು ತಿಂಗಳ ಹಿಂದೆ ಒಂದು ಗ್ಯಾರೇಜಿನಲ್ಲಿ ಉದ್ದನೆ ಶ್ಯಾಕಲ್ (ಸ್ಪ್ರಿಂಗಿನ ತುದಿಯನ್ನು ಚಾಸಿಗೆ ಸೇರಿಸುವ ಪಟ್ಟಿ) ಹಾಕಿಸಿ, ಸ್ಪ್ರಿಂಗಿಗೆ ಎರಡು ಪ್ಲೇಟು ಸೇರಿಸಿ 75 ಮಿ.ಮೀ. ಎತ್ತರ ಮಾಡಿಸಿದ್ದೆ. ಎತ್ತರ ಬಂತು. ಶಾಫ್ಟಿನ ಕೋನ ಎಷ್ಟಾಯಿತು ಅಂತ ಗ್ಯಾರೇಜಿನವರೂ ಅಳೆಯಲಿಲ್ಲ, ನಾನೂ ಕೇಳಲಿಲ್ಲ. ಆಮೇಲೆ ಎಲ್ಲ ಬಿಚ್ಚಿ, ಅಳೆದು, ಮತ್ತೆ ಕಟ್ಟಿದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನನ್ನದು ಮಹೀಂದ್ರ ಎಂಎಂ 540. ಹಿಂದೆ ಮುಂದೆ ಎರಡೂ ಕಡೆ ಲೀಫ್ ಸ್ಪ್ರಿಂಗ್, ಗಟ್ಟಿ ಆಕ್ಸಲ್. ಇಂಥ ಆಕ್ಸಲ್ ಇರುವ ಯಾವ ಗಾಡಿಗಾದರೂ ಲೆಕ್ಕ ಇದೇ.

ಮೊದಲು ಗೀರು ಹುಡುಕಿ

ಸ್ಪ್ರಿಂಗ್ ಎತ್ತರ ಮಾಡಿದರೆ ಡಿಫರೆನ್ಷಿಯಲ್ (ಆಕ್ಸಲಿನಲ್ಲಿರುವ ಗೇರುಗಳ ಗುಂಡು ಪೆಟ್ಟಿಗೆ) ಒಂದು ಕೂದಲೆಳೆಯಷ್ಟೂ ಮೇಲೆ ಹೋಗುವುದಿಲ್ಲ. ಇದು ತುಂಬ ಜನರಿಗೆ ತಲೆಗೆ ಹೋಗುವುದೇ ಇಲ್ಲ. ಆಕ್ಸಲ್ ಚಕ್ರದ ಮೇಲೆ ಕೂತಿದೆ, ಸ್ಪ್ರಿಂಗ್ ಆಕ್ಸಲಿನ ಮೇಲೆ ಚಾಸಿಯನ್ನು ಎತ್ತುತ್ತದೆ, ಅಷ್ಟೇ. ಡಿಫರೆನ್ಷಿಯಲ್ ಮೇಲೆ ಹೋಗಬೇಕಾದರೆ ಟೈರು ದೊಡ್ಡದಾಗಬೇಕು. ಟೈರಿನ ವ್ಯಾಸ 50 ಮಿ.ಮೀ. ಜಾಸ್ತಿಯಾದರೆ ಡಿಫರೆನ್ಷಿಯಲ್ 25 ಮಿ.ಮೀ. ಏರುತ್ತದೆ.

ಹಾಗಾಗಿ ದುಡ್ಡು ಬಿಚ್ಚುವ ಮೊದಲು ಅಡಿಗೆ ಟಾರ್ಚು ಹಿಡಿದು ಮಲಗಿ. ಕೆಸರು ತೊಳೆದು, ಎಲ್ಲೆಲ್ಲಿ ಕಬ್ಬಿಣ ಹೊಳೆಯುತ್ತಿದೆ ನೋಡಿ. ತೋಟದ ದಾರಿಯಲ್ಲಿ ಎರಡು ಜಾಡು, ನಡುವೆ ದಿಬ್ಬ. ಆ ದಿಬ್ಬ ಉಜ್ಜುವುದು ಡಿಫರೆನ್ಷಿಯಲ್ ಹೊಟ್ಟೆಯನ್ನೇ. ಗೀರು ಅಲ್ಲಿದ್ದರೆ ನಿಮಗೆ ಬೇಕಾಗಿರುವುದು ಟೈರು, ಸ್ಪ್ರಿಂಗ್ ಅಲ್ಲ. ಟ್ರಾನ್ಸ್‌ಫರ್ ಕೇಸಿನ ಕೆಳಗಿನ ತಗಡು ಬಗ್ಗಿದ್ದರೆ ಸ್ಪ್ರಿಂಗ್ ಯೋಚಿಸಬಹುದು. ಪಿನಿಯನ್ ಮೂತಿಯಲ್ಲೋ (ಡಿಫರೆನ್ಷಿಯಲಿಗೆ ಶಾಫ್ಟ್ ಬಂದು ಸೇರುವ ತುದಿ) ಶಾಫ್ಟಿನ ಪೈಪಿನಲ್ಲೋ ಜಂಬಿಟ್ಟಿಗೆ ಕಲ್ಲು ಉಜ್ಜಿದ ಗುರುತಿದ್ದರೆ ಅದು ಕೋನದ ವಿಷಯ. ಪಿನಿಯನ್ ಮೂತಿಯನ್ನು 5 ಡಿಗ್ರಿ ಮೇಲಕ್ಕೆ ತಿರುಗಿಸಿದರೆ, ಆಕ್ಸಲ್ ನಡುವಿನಿಂದ 300 ಮಿ.ಮೀ. ದೂರದ ಫ್ಲೇಂಜು (ಶಾಫ್ಟನ್ನು ಬೋಲ್ಟ್ ಮಾಡುವ ಚಪ್ಪಟೆ ಬಿಲ್ಲೆ) ಸುಮಾರು 26 ಮಿ.ಮೀ. ಏರುತ್ತದೆ. ಕೇಳಲು ಚೆನ್ನಾಗಿದೆ. ಆದರೆ ಅದಕ್ಕೊಂದು ಬೆಲೆ ಇದೆ.

ಕೋನ ಮಾಡುವ ಕಿತಾಪತಿ

ಶಾಫ್ಟಿನ ಎರಡು ತುದಿಗೂ ಒಂದೊಂದು ಯುಜೆ ಕ್ರಾಸ್ (ಯೂನಿವರ್ಸಲ್ ಜಾಯಿಂಟ್, ಬಾಗಿಕೊಂಡೇ ತಿರುಗುವ ಕೀಲು) ಇರುತ್ತದೆ. ಕ್ರಾಸ್ ನೆಟ್ಟಗೆ ಇದ್ದರೆ ಒಳಗೆ ಬಂದ ವೇಗವೇ ಹೊರಗೆ ಹೋಗುತ್ತದೆ. ಬಾಗಿದರೆ ಹಾಗಲ್ಲ. ಒಂದು ಸುತ್ತಿನಲ್ಲಿ ಎರಡು ಸಲ ವೇಗ ಜಾಸ್ತಿಯಾಗಿ, ಎರಡು ಸಲ ಕಮ್ಮಿಯಾಗುತ್ತದೆ. 10 ಡಿಗ್ರಿಗೆ ಈ ಏರಿಳಿತ ಸುಮಾರು ಶೇ. 1.5. 20 ಡಿಗ್ರಿಗೆ ಶೇ. 6. ಕೋನ ಎರಡು ಪಟ್ಟಾದರೆ ಕುಲುಕಾಟ ನಾಲ್ಕು ಪಟ್ಟು.

ಇದಕ್ಕೆ ಮದ್ದು ಎರಡನೆಯ ಕ್ರಾಸಿನಲ್ಲೇ ಇದೆ. ಎರಡೂ ಕ್ರಾಸಿನ ಕೋನ ಸಮ ಇದ್ದರೆ ಮುಂದಿನದು ಮಾಡಿದ ಏರಿಳಿತವನ್ನು ಹಿಂದಿನದು ಅಳಿಸಿ ಹಾಕುತ್ತದೆ. ಶಾಫ್ಟಿನ ಎರಡು ತುದಿಯ ಫೋರ್ಕುಗಳು (ಕ್ರಾಸನ್ನು ಹಿಡಿಯುವ ಕವಲುಗಳು) ಒಂದೇ ನೇರದಲ್ಲಿ ಇರಬೇಕು, ಆಗ ಮಾತ್ರ. ಟ್ರಾನ್ಸ್‌ಫರ್ ಕೇಸಿನ ಶಾಫ್ಟೂ ಪಿನಿಯನ್ನೂ ಸಮಾನಾಂತರ ಅಂದರೂ ಅದೇ ಮಾತು. ಎರಡರ ವ್ಯತ್ಯಾಸ 1 ಡಿಗ್ರಿ ದಾಟಬಾರದು.

ಸಮ ಇದ್ದರೆ ಎಷ್ಟು ಕೋನ ಬೇಕಾದರೂ ಇರಬಹುದೇ? ಇಲ್ಲ. ನಡುವಿನ ಪೈಪು ಹೇಗೂ ಕುಲುಕುತ್ತಲೇ ಇರುತ್ತದೆ. ಕ್ರಾಸ್ ತಯಾರಿಸುವ ಸ್ಪೈಸರ್‌ನವರ ಪಟ್ಟಿಯಲ್ಲಿ ಶಾಫ್ಟ್ ವೇಗಕ್ಕೆ ತಕ್ಕ ಗರಿಷ್ಠ ಕೋನ ಹೀಗಿದೆ (60 ಮಿನಿಟು ಅಂದರೆ 1 ಡಿಗ್ರಿ):

- 1500 ಆರ್‌ಪಿಎಂಗೆ 11 ಡಿಗ್ರಿ 30 ಮಿನಿಟು
- 2000ಕ್ಕೆ 8 ಡಿಗ್ರಿ 40 ಮಿನಿಟು
- 2500ಕ್ಕೆ 7 ಡಿಗ್ರಿ
- 3000ಕ್ಕೆ 5 ಡಿಗ್ರಿ 50 ಮಿನಿಟು
- 3500ಕ್ಕೆ 5 ಡಿಗ್ರಿ

ನಾಲ್ಕು ಗೇರಿನ ಹಳೆಯ ಜೀಪಿನಲ್ಲಿ ಟಾಪ್ ಗೇರು ನೇರ. ಹೈ ರೇಂಜಿನಲ್ಲಿ (ಟ್ರಾನ್ಸ್‌ಫರ್ ಕೇಸಿನ ಮಾಮೂಲಿ ಗೇರು) ಎಂಜಿನ್ ಎಷ್ಟು ಸುತ್ತುತ್ತದೋ ಶಾಫ್ಟೂ ಅಷ್ಟೇ ಸುತ್ತುತ್ತದೆ. ಓವರ್‌ಡ್ರೈವ್ ಇರುವ ಐದು ಗೇರಿನ ಗಾಡಿಯಲ್ಲಿ ಶಾಫ್ಟು ಎಂಜಿನ್ನಿಗಿಂತ ಜೋರಾಗಿ ತಿರುಗುತ್ತದೆ, ಅದನ್ನು ಮರೆಯಬೇಡಿ. ಕೋನ ಪೂರ್ತಿ ಸೊನ್ನೆ ಇರುವುದೂ ಒಳ್ಳೆಯದಲ್ಲ. ಕ್ರಾಸಿನ ಬಟ್ಟಲೊಳಗಿನ ಸೂಜಿ ಬೇರಿಂಗು ಅಲ್ಲಾಡದೆ ಒಂದೇ ಕಡೆ ಒತ್ತಿ ಗುಳಿ ಬೀಳುತ್ತದೆ. ಅರ್ಧದಿಂದ 1 ಡಿಗ್ರಿಯಾದರೂ ಇರಲಿ.

ಅಳೆಯುವುದು

ಬೇಕಾದ ಸಾಮಾನು ಕಡಿಮೆ. ಮ್ಯಾಗ್ನೆಟ್ ಇರುವ ಡಿಜಿಟಲ್ ಆ್ಯಂಗಲ್ ಗೇಜ್ ಇದ್ದರೆ ಸುಖ. ಮೊಬೈಲಿನ ಆ್ಯಪ್ ಕೂಡ ನಡೆಯುತ್ತದೆ, ಆದರೆ ಕೇಸ್ ತೆಗೆದು, ಚಪ್ಪಟೆ ಅಂಚನ್ನೇ ಇಡಬೇಕು. ಏನೂ ಇಲ್ಲದಿದ್ದರೆ ಮಕ್ಕಳ ಜಾಮಿಟ್ರಿ ಬಾಕ್ಸಿನ ಕೋನಮಾಪಕಕ್ಕೆ ದಾರದಲ್ಲಿ ನಟ್ಟು ಕಟ್ಟಿ ಇಳಿಬಿಡಿ. ಗಾರೆ ಮೇಸ್ತ್ರಿಗಳ ತೂಗುಗುಂಡಿನ ಉಪಾಯವೇ ಇದು. ಮೊದಲ ಸಲ ನಾನು ಅಳೆದದ್ದು ಹಾಗೆಯೇ, ಆಮೇಲೆ ಗೇಜಿನಲ್ಲಿ ನೋಡಿದಾಗ ಅರ್ಧ ಡಿಗ್ರಿ ಮಾತ್ರ ಹೆಚ್ಚುಕಮ್ಮಿ ಇತ್ತು.

ಸಿಮೆಂಟು ನೆಲದ ಮೇಲೆ, ನಾಲ್ಕೂ ಚಕ್ರ ಸರಿಯಾದ ಗಾಳಿಯಲ್ಲಿ ನಿಂತಿರಬೇಕು. ಜಾಕಿ ಮೇಲೆ ಅಲ್ಲ. ರಸಮಟ್ಟ ಇಟ್ಟು ನೆಲ ಸಮ ಇದೆಯಾ ನೋಡಿ. ಗಾಡಿಯಲ್ಲಿ ದಿನಾ ಇರುವ ಭಾರ ಇಡಿ. ಇದು ಮುಖ್ಯ. ಕೊಡಚಾದ್ರಿಗೋ ಮಾಂದಲಪಟ್ಟಿಗೋ ಜನ ತುಂಬಿಕೊಂಡು ಹತ್ತುವ ಜೀಪು ಖಾಲಿ ನಿಂತಾಗ ಒಂದು ಕೋನ, ಎಂಟು ಜನ ಕೂತಾಗ ಇನ್ನೊಂದು. ನಾನು ಹಿಂದೆ ಎರಡು ಮೂಟೆ ಗೊಬ್ಬರ ಹಾಕಿ ಅಳೆಯುತ್ತೇನೆ, ಯಾಕೆಂದರೆ ನನ್ನ ಜೀಪಿನ ಸಂಸಾರವೇ ಅದು.

ಚಕ್ರಗಳಿಗೆ ಮುಂದೆ ಹಿಂದೆ ಕಲ್ಲೋ ಕಟ್ಟಿಗೆಯೋ ಕೊಟ್ಟ ಮೇಲೆಯೇ ಅಡಿಗೆ ಹೋಗಿ. ಹ್ಯಾಂಡ್‌ಬ್ರೇಕಿನ ಕಥೆ ಮೇಲೆ ಹೇಳಿದೆನಲ್ಲ.

ಅಳೆಯಬೇಕಾದ್ದು ಮೂರು:

1. ಟ್ರಾನ್ಸ್‌ಫರ್ ಕೇಸಿನಿಂದ ಹೊರಬರುವ ಶಾಫ್ಟಿನ ಬಾಗು. ಫ್ಲೇಂಜಿನ ಚಪ್ಪಟೆ ಮುಖಕ್ಕೆ ಗೇಜ್ ಇಡಿ. ಆ ಮುಖ ಲಂಬದಿಂದ ಎಷ್ಟು ವಾಲಿದೆಯೋ ಶಾಫ್ಟು ನೆಲಮಟ್ಟದಿಂದ ಅಷ್ಟೇ ಬಾಗಿದೆ.
2. ಪ್ರೊಪೆಲ್ಲರ್ ಶಾಫ್ಟಿನ ಪೈಪು. ತುಕ್ಕು, ಕೆಸರು ಕೆರೆದು, ವೆಲ್ಡಿಂಗ್ ಗಂಟು ಇಲ್ಲದ ಜಾಗದಲ್ಲಿ.
3. ಪಿನಿಯನ್ ಫ್ಲೇಂಜು, ಮೊದಲನೆಯದರ ಹಾಗೆಯೇ.

ಮೂರನ್ನೂ ಗಾಡಿಯ ಒಂದೇ ಬದಿಯಿಂದ ಅಳೆಯಿರಿ. ಪ್ರತಿಯೊಂದನ್ನೂ ಮೂರು ಸಲ. ಸೀಮೆಸುಣ್ಣದಲ್ಲಿ ಚಾಸಿ ಮೇಲೆಯೇ ಬರೆದಿಡಿ, ಕಾಗದ ಗ್ರೀಸಿನಲ್ಲಿ ಕಳೆದುಹೋಗುತ್ತದೆ.

ಗೆರೆ ಹಿಂದಕ್ಕೆ ಹೋಗುತ್ತಾ ಕೆಳಗಿಳಿದರೆ ಅದು ‘ಇಳಿ’. ಪಿನಿಯನ್ ಮೂತಿ ಮೇಲೆ ನೋಡುತ್ತಿದ್ದರೆ ಅದೂ ಇಳಿಯೇ. ಎರಡೂ ಇಳಿಯಾದರೆ ಕಳೆಯಿರಿ. ಒಂದು ಇಳಿ, ಒಂದು ಏರು ಆದರೆ ಕೂಡಿಸಿ. ಬಂದದ್ದು ಕ್ರಾಸಿನ ಕೋನ. ಮೇಲಿನಿಂದ ನೋಡಿದಾಗ ಶಾಫ್ಟು ಪಕ್ಕಕ್ಕೂ ಓರೆಯಾಗಿದ್ದರೆ ಎರಡು ಕೋನಗಳ ವರ್ಗ ಕೂಡಿ ವರ್ಗಮೂಲ ತೆಗೆಯಬೇಕು. ಕೆಳಮುಖ 8, ಪಕ್ಕಕ್ಕೆ 3 ಇದ್ದರೆ ಒಟ್ಟು ಸುಮಾರು 8.5. ಪಕ್ಕದ ಓರೆ ಕಡಿಮೆ ಇದ್ದರೆ ಇದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ನನ್ನ ಜೀಪಿನ ಲೆಕ್ಕ

ಎತ್ತರ ಮಾಡುವ ಮೊದಲು: ಟ್ರಾನ್ಸ್‌ಫರ್ 4, ಶಾಫ್ಟ್ 8, ಪಿನಿಯನ್ 4. ಎಲ್ಲವೂ ಇಳಿ. ಮುಂದಿನ ಕ್ರಾಸ್ 4, ಹಿಂದಿನದೂ 4. ಬೆಣ್ಣೆ ಹಾಗೆ ಓಡುತ್ತಿತ್ತು.

75 ಮಿ.ಮೀ. ಎತ್ತಿದ ಮೇಲೆ: ಶಾಫ್ಟ್ ಸುಮಾರು 800 ಮಿ.ಮೀ. ಉದ್ದ, ಹಾಗಾಗಿ 5 ಡಿಗ್ರಿಗಿಂತ ಸ್ವಲ್ಪ ಜಾಸ್ತಿ ಬಾಗಿ 13ಕ್ಕೆ ಬಂತು. ಟ್ರಾನ್ಸ್‌ಫರ್ 4 ಹಾಗೇ ಇತ್ತು. ಪಿನಿಯನ್ ಮಾತ್ರ 7 ಆಗಿತ್ತು. ಯಾಕೆ? ಶ್ಯಾಕಲ್ ಇರುವುದು ಹಿಂದಿನ ಸ್ಪ್ರಿಂಗಿನ ಹಿಂತುದಿಯಲ್ಲಿ. ಅದನ್ನು 50 ಮಿ.ಮೀ. ಉದ್ದ ಮಾಡಿದರೆ ಗಾಡಿ ಏರುವುದು ಅರ್ಧ, ಅಂದರೆ 25 ಮಾತ್ರ. ಆದರೆ ಸ್ಪ್ರಿಂಗಿನ ಹಿಂತುದಿ ಕೆಳಗಿಳಿದು ಆಕ್ಸಲನ್ನೇ ತಿರುಗಿಸುತ್ತದೆ, ಪಿನಿಯನ್ ಮೂತಿ ಮೇಲಾಗುತ್ತದೆ. ಈಗ ಮುಂದಿನ ಕ್ರಾಸ್ 9, ಹಿಂದಿನದು 6. ಮೂರು ಡಿಗ್ರಿ ಅಂತರ. 40 ಕಿ.ಮೀ. ವೇಗ ದಾಟಿದರೆ ಸೀಟಿನ ಕೆಳಗೆ ಗುಂಯ್ ಅನ್ನುತ್ತಿತ್ತು. ನಾನು ಟೈರು ಬ್ಯಾಲೆನ್ಸ್ ಅಂದುಕೊಂಡು ಸುಮ್ಮನಿದ್ದೆ.

ಮುರಿದದ್ದು ಮುಂದಿನ ಕ್ರಾಸು. ಬಿಚ್ಚಿ ನೋಡಿದರೆ ಫೋರ್ಕಿನ ಕಿವಿಗಳ ಒಳಅಂಚಿನಲ್ಲಿ ಹೊಳೆಯುವ ಎರಡು ಗಾಯ. ಹಳ್ಳಕ್ಕೆ ಚಕ್ರ ಇಳಿದಾಗ ಆಕ್ಸಲ್ ತೂಗಿ, ಕೋನ ಇನ್ನೂ ಜಾಸ್ತಿಯಾಗಿ, ಕಿವಿಗೆ ಕಿವಿ ತಾಗಿದೆ. ಪ್ರತಿ ಸುತ್ತಿಗೂ ಒಂದು ಮೀಟುಗೋಲು ಹಾಕಿದ ಹಾಗೆ. ಎಷ್ಟು ದಿನ ತಡೆದೀತು!

ಯಾವ ದಾರಿ ಹಿಡಿಯಬೇಕು

ಟ್ರಾನ್ಸ್‌ಫರ್ ಕೇಸನ್ನು ಇಳಿಸುವುದು ಎಲ್ಲರೂ ಹೇಳುವ ಸುಲಭದ ದಾರಿ. ಚಾಸಿಗೂ ಕ್ರಾಸ್ ಮೆಂಬರಿಗೂ (ಟ್ರಾನ್ಸ್‌ಫರ್ ಕೇಸನ್ನು ಹೊರುವ ಅಡ್ಡಪಟ್ಟಿ) ನಡುವೆ 25 ಮಿ.ಮೀ. ತುಂಡು ಕೊಟ್ಟರೆ ಶಾಫ್ಟಿನ ಇಳಿಜಾರು ಸುಮಾರು 2 ಡಿಗ್ರಿ ಕಮ್ಮಿಯಾಗುತ್ತದೆ, ಟ್ರಾನ್ಸ್‌ಫರ್ ಒಂದೂವರೆ ಡಿಗ್ರಿ ಹಿಂದಕ್ಕೆ ಬಾಗುತ್ತದೆ. 9 ಇದ್ದ ಕ್ರಾಸ್ 6ರ ಒಳಗೆ ಬರುತ್ತದೆ. ಕಾಗದದಲ್ಲಿ ಅದ್ಭುತ. ಆದರೆ 75 ಎತ್ತಿ, ಗಾಡಿಯ ಹೊಟ್ಟೆಯನ್ನೇ 25 ಇಳಿಸಿದ ಮೇಲೆ ಎತ್ತಿದ್ದು ಯಾತಕ್ಕೆ? ಟಾರು ರಸ್ತೆಯಲ್ಲಿ ಎತ್ತರವಾಗಿ ಕಾಣಲಿ ಅನ್ನುವವರಿಗೆ ಇದು ಸರಿ. ಕಲ್ಲಿನ ಮೇಲೆ ಹೋಗುವವರಿಗೆ ನಾನು ಹೇಳುವುದಿಲ್ಲ.

ಟ್ರಾನ್ಸ್‌ಫರ್ ತುದಿಗೆ ಡಬಲ್ ಕ್ರಾಸ್ ಇರುವ ಶಾಫ್ಟ್ ಇನ್ನೊಂದು ದಾರಿ. ಎರಡು ಕ್ರಾಸು ಬೆನ್ನಿಗೆ ಬೆನ್ನು ಕೂತು ಕೋನವನ್ನು ಹಂಚಿಕೊಳ್ಳುತ್ತವೆ, ಏರಿಳಿತ ಅಲ್ಲೇ ಅಳಿಯುತ್ತದೆ. ಆಗ ಸಮಾನಾಂತರದ ನಿಯಮ ಬಿಟ್ಟು, ಪಿನಿಯನ್ ಮೂತಿಯನ್ನು ನೇರ ಶಾಫ್ಟಿನ ಕಡೆಗೇ ತಿರುಗಿಸಬೇಕು, 1ರಿಂದ 2 ಡಿಗ್ರಿ ಕೆಳಗೆ ಇರುವ ಹಾಗೆ. ಫ್ಲೇಂಜೂ ಶಾಫ್ಟೂ ಕಲ್ಲಿನಿಂದ ದೂರ ಹೋಗುತ್ತವೆ. ಆಕ್ಸಲ್ ಮೇಲೆ ಸ್ಪ್ರಿಂಗ್ ಕೂರಿಸಿ ತುಂಬ ಎತ್ತರ ಮಾಡಿದವರಿಗೆ ಇದೇ ಗತಿ. ಆದರೆ ಶಾಫ್ಟು ಬ್ಯಾಲೆನ್ಸ್ ಮಾಡಿ ಕೊಡುವ ಲೇತಿನವರೇ ಬೇಕು. ಬೆಂಗಳೂರಿನ ಜೆ.ಸಿ. ರೋಡಿನ ಕಡೆ ವಿಚಾರಿಸಬೇಕಾದೀತು, ದುಡ್ಡೂ ಜಾಸ್ತಿ. ಪಿನಿಯನ್ ತುಂಬ ಮೇಲೆ ನೋಡಿದರೆ ಅದರ ಮುಂದಿನ ಬೇರಿಂಗಿಗೆ ಎಣ್ಣೆ ತಲುಪುವುದೂ ಕಷ್ಟ. ಎಣ್ಣೆ ಮಟ್ಟ ಏರಿಸಬೇಕಾಗುತ್ತದೆ.

ನಾನು ಹಿಡಿದದ್ದು ಮೂರನೆಯ ದಾರಿ: ಆಸೆ ಕಮ್ಮಿ ಮಾಡಿಕೊಂಡೆ. ಉದ್ದ ಶ್ಯಾಕಲ್ ಕಿತ್ತು ಹಳೆಯದೇ ಹಾಕಿದೆ. ಸ್ಪ್ರಿಂಗನ್ನು ಮತ್ತೆ ಕಮಾನು ಕೊಡಿಸಿ 40 ಮಿ.ಮೀ. ಮಾತ್ರ ಎತ್ತಿದೆ. ಟೈರು ಒಂದು ಸೈಜು ದೊಡ್ಡದು. ಶಾಫ್ಟ್ 11, ಟ್ರಾನ್ಸ್‌ಫರ್ 4, ಮುಂದಿನ ಕ್ರಾಸ್ 7. ಪಟ್ಟಿ ಪ್ರಕಾರ 2500 ಆರ್‌ಪಿಎಂವರೆಗೆ ಸರಿ. ಅದಕ್ಕಿಂತ ಜೋರಾಗಿ ನಾನು ಓಡಿಸುವುದೂ ಇಲ್ಲ.

ಒಂದು ಮಾತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗುವ ಹಾಗೆ ಗಾಡಿ ಬದಲಾಯಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟೂ ಅದನ್ನೇ ಗಟ್ಟಿಯಾಗಿ ಹೇಳಿದೆ. ರಸ್ತೆಗೆ ಇಳಿಸುವ ಗಾಡಿಯಾದರೆ ಆರ್‌ಟಿಒದಲ್ಲಿ ಕೇಳಿಕೊಂಡೇ ಮುಂದುವರಿಯಿರಿ.

ಬೆಣೆ ಕೊಟ್ಟು ಪಿನಿಯನ್ ತಿರುಗಿಸುವುದು

ಹೊಸ ಕಮಾನಿನ ಮೇಲೆ ಪಿನಿಯನ್ 5ಕ್ಕೆ ನಿಂತಿತ್ತು. ನನಗೆ ಬೇಕಾಗಿದ್ದು 3. ಸಮಾನಾಂತರಕ್ಕೆ 4 ಬೇಕಲ್ವಾ ಅಂತ ಕೇಳಬಹುದು. ಲೀಫ್ ಸ್ಪ್ರಿಂಗಿನಲ್ಲಿ ಎಕ್ಸಲರೇಟರ್ ಕೊಟ್ಟಾಗ ಚಕ್ರ ಮುಂದಕ್ಕೆ ತಿರುಗಿದರೆ ಆಕ್ಸಲ್ ಹಿಂದಕ್ಕೆ ತಿರುಚಿಕೊಳ್ಳುತ್ತದೆ, ಪಿನಿಯನ್ ಮೂತಿ ಮೇಲೇಳುತ್ತದೆ. ಅದಕ್ಕಾಗಿ ಒಂದು ಡಿಗ್ರಿ ಮೊದಲೇ ಕೆಳಗಿಡುವುದು.

ಆಕ್ಸಲ್ ಮತ್ತು ಸ್ಪ್ರಿಂಗ್ ನಡುವೆ ಇಡುವ ಓರೆ ಬೆಣೆಯೇ ಇದರ ಉಪಕರಣ. ದಪ್ಪ ತುದಿ ಯಾವ ಕಡೆ ಅನ್ನುವುದರಲ್ಲಿ ಎಂಥೆಂಥ ಮೇಸ್ತ್ರಿಗಳೂ ಎಡವುತ್ತಾರೆ. ಹಿಂದಿನ ಆಕ್ಸಲಿಗೆ ಹೀಗೆ ನೆನಪಿಡಿ: ಸ್ಪ್ರಿಂಗ್ ಆಕ್ಸಲಿನ ಕೆಳಗಿದ್ದರೆ, ಅಂದರೆ ಹಳೆಯ ಜೀಪಿನ ಹಾಗೆ, ದಪ್ಪ ತುದಿ ಮುಂದಿಟ್ಟರೆ ಮೂತಿ ಏರುತ್ತದೆ, ಹಿಂದಿಟ್ಟರೆ ಇಳಿಯುತ್ತದೆ. ಸ್ಪ್ರಿಂಗ್ ಆಕ್ಸಲಿನ ಮೇಲಿದ್ದರೆ ಪೂರ್ತಿ ಉಲ್ಟಾ. ನನ್ನದು ಕೆಳಗೆ, ಮೂತಿ ಇಳಿಯಬೇಕು. 2 ಡಿಗ್ರಿ ಬೆಣೆ, ದಪ್ಪ ತುದಿ ಹಿಂದೆ.

ಬೆಣೆ ಉಕ್ಕಿನದೇ ಇರಲಿ. ಅಲ್ಯೂಮಿನಿಯಂನದು ಹಗುರ, ಅಗ್ಗ, ಆದರೆ ಏಟು ತಿಂದು ತಿಂದು ಬಿರಿಯುತ್ತದೆ. 6 ಡಿಗ್ರಿಗಿಂತ ಜಾಸ್ತಿ ಬೇಕಾದರೆ ಬೆಣೆ ಬಿಟ್ಟು, ಆಕ್ಸಲಿನ ಸ್ಪ್ರಿಂಗ್ ಪೀಠವನ್ನೇ ಕತ್ತರಿಸಿ ಸರಿ ಕೋನಕ್ಕೆ ವೆಲ್ಡ್ ಮಾಡಿಸಿ.

ಚಾಸಿಯನ್ನು ಗಟ್ಟಿ ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಆಕ್ಸಲ್ ಕೆಳಗೆ ಜಾಕಿ ಕೊಡಿ. ಶಾಫ್ಟು ಬಿಚ್ಚುವ ಮೊದಲು ಸ್ಲಿಪ್ ಜಾಯಿಂಟಿನ (ಶಾಫ್ಟ್ ಉದ್ದ ಗಿಡ್ಡ ಆಗಲು ಒಂದರೊಳಗೊಂದು ಜಾರುವ ಹಲ್ಲಿನ ಜೋಡಣೆ) ಎರಡೂ ಭಾಗಕ್ಕೆ ಸೇರಿ ಒಂದೇ ಗೆರೆ ಪೇಂಟಿನಲ್ಲಿ ಎಳೆಯಿರಿ. ಇದನ್ನು ಮರೆತು ಒಂದು ಹಲ್ಲು ಆಚೀಚೆ ಕೂರಿಸಿದರೆ ಫೋರ್ಕುಗಳ ನೇರ ತಪ್ಪುತ್ತದೆ, ಆಮೇಲೆ ಕೋನ ಎಷ್ಟು ಸಮ ಇದ್ದರೂ ನಡುಕ ಹೋಗುವುದಿಲ್ಲ. ಯು ಬೋಲ್ಟ್ ಬಿಚ್ಚಿ, ಸ್ಪ್ರಿಂಗಿನ ನಡುಬೋಲ್ಟಿನ ತಲೆ ಬೆಣೆಯ ತೂತು ದಾಟಿ ಪೀಠದ ಗುಳಿಯಲ್ಲಿ ಕೂರುತ್ತಿದೆಯಾ ನೋಡಿ. ತಲೆ ಗಿಡ್ಡವಾದರೆ ಉದ್ದದ್ದು ಹಾಕಿ. ಯು ಬೋಲ್ಟ್ ಹಳೆಯದನ್ನೇ ಬಿಗಿಯಬೇಡಿ, ಎಳೆದು ಸೊರಗಿರುತ್ತವೆ. ಬಿಗಿಯುವಾಗ ನಾಲ್ಕನ್ನೂ ಅಡ್ಡಕ್ಕಡ್ಡ, ಸ್ವಲ್ಪ ಸ್ವಲ್ಪವಾಗಿ.

ತೂಗಿಸಿ, ಒತ್ತಿಸಿ ನೋಡುವುದು

ಜಾಸ್ತಿ ಜನ ಇಲ್ಲೇ ಕೈ ತೊಳೆದುಕೊಳ್ಳುತ್ತಾರೆ. ನನ್ನ ಕ್ರಾಸು ಮುರಿದದ್ದೂ ಇದನ್ನು ನೋಡದೆ.

ಚಾಸಿ ಸ್ಟ್ಯಾಂಡಿನ ಮೇಲೆಯೇ ಇರಲಿ, ಆಕ್ಸಲ್ ಕೆಳಗಿನ ಜಾಕಿ ಪೂರ್ತಿ ಇಳಿಸಿ. ಚಕ್ರಗಳು ತೂಗಲಿ. ನ್ಯೂಟ್ರಲ್ ಮಾಡಿ, ಶಾಫ್ಟನ್ನು ಕೈಯಲ್ಲಿ ನಿಧಾನಕ್ಕೆ ಒಂದು ಸುತ್ತು ತಿರುಗಿಸಿ. ಎಲ್ಲಾದರೂ ಬಿಗಿಯಾಯಿತಾ? ಕ್ರಾಸಿನ ಹತ್ತಿರ ಬೆರಳಿಡದೆ ಟಾರ್ಚಿನಲ್ಲಿ ಫೋರ್ಕಿನ ಕಿವಿಗಳ ನಡುವಿನ ಸಂದು ನೋಡಿ. ತಾಗುತ್ತಿದ್ದರೆ ಶಾಕ್ ಅಬ್ಸಾರ್ಬರ್ ಗಿಡ್ಡದ್ದು ಹಾಕಿ ಆಕ್ಸಲ್ ಅಷ್ಟು ಇಳಿಯದ ಹಾಗೆ ಮಾಡಿ, ಇಲ್ಲವೇ ಆಕ್ಸಲಿಗೂ ಚಾಸಿಗೂ ಗಟ್ಟಿ ಬೆಲ್ಟು ಕಟ್ಟಿ. ಕಿವಿಯನ್ನು ಗ್ರೈಂಡರಿನಲ್ಲಿ ಉಜ್ಜುವವರಿದ್ದಾರೆ. ಒಂದೆರಡು ಮಿ.ಮೀ. ಆದರೆ ಸರಿ, ಜಾಸ್ತಿ ಉಜ್ಜಿದರೆ ಫೋರ್ಕೇ ಮುರಿಯುತ್ತದೆ.

ಹಾಗೇ ಸ್ಲಿಪ್ ಜಾಯಿಂಟ್ ನೋಡಿ. ಆಕ್ಸಲ್ ಪೂರ್ತಿ ತೂಗಿದಾಗಲೂ ಹಲ್ಲುಗಳು 50 ಮಿ.ಮೀ. ಒಳಗೇ ಇರುವ ಹಾಗೆ ನಾನು ಇಟ್ಟುಕೊಂಡಿದ್ದೇನೆ. ಕಮ್ಮಿ ಇದ್ದರೆ ಶಾಫ್ಟ್ ಉದ್ದ ಮಾಡಿಸಬೇಕು. ಆಮೇಲೆ ಗಾಡಿ ಇಳಿಸಿ, ಒಂದು ಹಿಂದಿನ ಚಕ್ರವನ್ನು ಕಟ್ಟೆಯೋ ದಿಮ್ಮಿಯೋ ಹತ್ತಿಸಿ ಸ್ಪ್ರಿಂಗ್ ಒತ್ತಿಸಿ. ಸ್ಲಿಪ್ ಪೂರ್ತಿ ಒಳಗೆ ಹೋಗಿ ಗುದ್ದಬಾರದು. ಗುದ್ದಿದರೆ ಪೆಟ್ಟು ಬೀಳುವುದು ಟ್ರಾನ್ಸ್‌ಫರ್ ಬೇರಿಂಗಿಗೆ.

ಶಾಫ್ಟಿನ ಮುಂದಿನ ತುದಿಯ ಸುತ್ತ ಚಪ್ಪಟೆ ಕಬ್ಬಿಣದ ಒಂದು ಬಳೆಯನ್ನು ಕ್ರಾಸ್ ಮೆಂಬರಿಗೆ ಬೋಲ್ಟ್ ಮಾಡಿ, ಸುತ್ತಲೂ ಸಾಕಷ್ಟು ಸಂದು ಬಿಟ್ಟು. ಕ್ರಾಸ್ ಮುರಿದರೂ ಶಾಫ್ಟು ನೆಲಕ್ಕೆ ಬೀಳುವುದಿಲ್ಲ. ವೇಗದಲ್ಲಿ ಹೋಗುವಾಗ ಆ ತುದಿ ನೆಲಕ್ಕೆ ನಾಟಿದರೆ ಗಾಡಿಯ ಹಿಂಭಾಗವನ್ನೇ ಎತ್ತಿಬಿಡುತ್ತದೆ. ನನಗೆ ಏರಿನಲ್ಲಿ, ಫಸ್ಟ್ ಗೇರಿನಲ್ಲಿ ಆಯಿತು ಅಂತ ಬಚಾವು.

ಮುಂದಿನ ಆಕ್ಸಲ್ ಮುಟ್ಟುವ ಮೊದಲು

ಮುಂದಿನ ಪಿನಿಯನ್ ಮೂತಿ ಎತ್ತಿದರೆ ಸ್ಟಿಯರಿಂಗಿನ ಕ್ಯಾಸ್ಟರ್ (ಮುಂದಿನ ಚಕ್ರ ಹೊರಳುವ ಅಚ್ಚು ಹಿಂದಕ್ಕೆ ವಾಲಿರುವ ಕೋನ) ಕಮ್ಮಿಯಾಗುತ್ತದೆ, ಯಾಕೆಂದರೆ ಎರಡೂ ಒಂದೇ ಹೌಸಿಂಗಿನಲ್ಲಿವೆ. ಕ್ಯಾಸ್ಟರ್ ಹೋದರೆ ಸ್ಟಿಯರಿಂಗ್ ತಾನಾಗಿ ನೇರಕ್ಕೆ ಬರುವುದಿಲ್ಲ, ಜೀಪು ರಸ್ತೆ ತುಂಬ ಅಲೆಯುತ್ತದೆ. ಕೋನವೋ ಕ್ಯಾಸ್ಟರೋ ಅಂತ ಬಂದರೆ ನಾನು ಕ್ಯಾಸ್ಟರ್ ಕಡೆ. ಫ್ರೀ ವೀಲ್ ಹಬ್ (ಬೇಡವಾದಾಗ ಮುಂದಿನ ಚಕ್ರವನ್ನು ಆಕ್ಸಲಿನಿಂದ ಬಿಡಿಸುವ ಹಬ್) ಇದ್ದರೆ ಟಾರು ರಸ್ತೆಯಲ್ಲಿ ಮುಂದಿನ ಶಾಫ್ಟ್ ತಿರುಗುವುದೇ ಇಲ್ಲ, ಕೆಸರಿನಲ್ಲಿ ನಿಧಾನಕ್ಕೆ ತಿರುಗುವಾಗ ಸ್ವಲ್ಪ ಕೋನ ಜಾಸ್ತಿ ಇದ್ದರೂ ನಡೆಯುತ್ತದೆ. ಹಬ್ ಇಲ್ಲದಿದ್ದರೆ ಮೊದಲು ಅದನ್ನೇ ಹಾಕಿಸಿ.

ಓಡಿಸಿ ನೋಡುವುದು

ಕ್ರಾಸುಗಳಿಗೆ ಗ್ರೀಸ್ ಗನ್ ಹಾಕಿ, ನಾಲ್ಕೂ ಬಟ್ಟಲಿನಿಂದ ಹೊಸ ಗ್ರೀಸ್ ಇಣುಕುವ ತನಕ ಒತ್ತಿ. ಒಂದು ಬಟ್ಟಲಿನಿಂದ ಬರದಿದ್ದರೆ ಆ ಕ್ರಾಸನ್ನು ನಂಬಬೇಡಿ. ಬಟ್ಟಲಿನ ಸುತ್ತ ಕೆಂಪು ಪುಡಿ ಕಂಡರೂ ಅಷ್ಟೇ, ಒಳಗೆ ಒಣಗಿ ತುಕ್ಕು ಹಿಡಿದಿದೆ.

ಖಾಲಿ ರಸ್ತೆಯಲ್ಲಿ ವೇಗ ನಿಧಾನಕ್ಕೆ ಏರಿಸಿ. ಚಕ್ರದ ದೋಷ ಇದ್ದರೆ ನಡುಕ ನಿಧಾನ, ಸ್ಟಿಯರಿಂಗಿಗೋ ಸೀಟಿಗೋ ‘ದಡ್ ದಡ್’ ಅನ್ನುತ್ತದೆ. ಶಾಫ್ಟು ಚಕ್ರಕ್ಕಿಂತ ನಾಲ್ಕೈದು ಪಟ್ಟು ಜೋರಾಗಿ ತಿರುಗುವುದರಿಂದ ಅದರ ನಡುಕ ಗುಂಯ್ಗುಡುತ್ತದೆ, ಫ್ಲೋರಿನಲ್ಲಿ ಕಾಲಿಗೆ ಜುಮ್ಮೆನ್ನುತ್ತದೆ. ಎಕ್ಸಲರೇಟರ್ ಒತ್ತಿದಾಗ ಮಾತ್ರ ಬಂದು, ಬಿಟ್ಟಾಗ ಹೋದರೆ ಪಿನಿಯನ್ ಮೂತಿ ಇನ್ನೂ ಮೇಲಿದೆ. ಬಿಟ್ಟಾಗ ಮಾತ್ರ ಬಂದರೆ ಜಾಸ್ತಿ ಇಳಿಸಿದ್ದೀರಿ. ಒಂದು ಡಿಗ್ರಿ ಬೆಣೆ ಬದಲಾಯಿಸಿ ಮತ್ತೆ ಓಡಿಸಿ. ನನಗೆ ಎರಡನೇ ಸಲಕ್ಕೆ ಸರಿಹೋಯಿತು, ಮೊದಲ ಸಲ ಬೆಣೆ ಉಲ್ಟಾ ಇಟ್ಟಿದ್ದೆ.

ಮೊದಲ 100 ಕಿ.ಮೀ. ಆದ ಮೇಲೆ ಯು ಬೋಲ್ಟ್ ಮತ್ತು ಕ್ರಾಸಿನ ಬೋಲ್ಟುಗಳನ್ನು ಮತ್ತೆ ಬಿಗಿ ಮಾಡಿ. 500 ಕಿ.ಮೀ. ಆದ ಮೇಲೆ ಇನ್ನೊಂದು ಸಲ, ಆಗಲೇ ಮೂರೂ ಕೋನ ಅಳೆದು ಚಾಸಿ ಮೇಲಿನ ಹಳೆಯ ಅಂಕಿಯ ಪಕ್ಕ ಬರೆಯಿರಿ. ಹೊಸ ಕಮಾನು ಕೊಟ್ಟ ಸ್ಪ್ರಿಂಗು ಸ್ವಲ್ಪ ಕೂತಿರುತ್ತದೆ. ನನ್ನದು 6 ಮಿ.ಮೀ. ಕೂತಿತ್ತು, ಶಾಫ್ಟ್ ಅರ್ಧ ಡಿಗ್ರಿ ಕಮ್ಮಿಯಾಗಿತ್ತು.